ದೂರಿನ ಪಾಳಿ

ಮಾರ್ಚ್ ೯

ತಮ್ಮಾ,

ಜೀವಕ್ಕೆ ಅಪಾಯವಿಲ್ಲ. ಇಷ್ಟನ್ನು ಮೊದಲು ಓದಿಕೊಂಡು ಆಮೇಲೆ ಉಳಿದದ್ದನ್ನು ಓದು. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ಹೂಂ ಎಂದೆ. ಏನು ಕೇಳಿದೆ ಎಂಬುದು ಈಗ ನೆನಪಿಲ್ಲ. ಬಾಯಿಗೆ ಬಾರದ್ದು ಕೈಗಾದರೂ ಬರುತ್ತದೇನೋ ಎಂದು ಬರೆಯಲು ಕುಳಿತಿದ್ದೇನೆ.

ನಿನ್ನ ಭಾವ ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವರು ನಮ್ಮ ಕಟ್ಟಡದ ಮೆಟ್ಟಿಲಿನಲ್ಲೇ ಬಿದ್ದರು. ನಮ್ಮ ಮನೆಯಿಂದ ಇಳಿದ ಮೇಲೆ ತಿರುವು ಬರುತ್ತದಲ್ಲ, ಅಲ್ಲಿ. ಒಂದು ಕೈಯಲ್ಲಿ ಬಣ್ಣದ ಡಬ್ಬಿಗಳು, ಇನ್ನೊಂದು ಕೈ ಕಂಬಿಯ ಮೇಲೆ. ಕಂಬಿ ಗೋಡೆಯಿಂದ ಕಿತ್ತುಕೊಂಡು ಬಂತು. ಅದರ ಜೊತೆಗೆ ಅವರೂ ಕೆಳಗಿನ ಹಜಾರಕ್ಕೆ ಹೋದರು.

ಸೊಂಟದ ಮೂಳೆ, ಬಲ ತೊಡೆಯ ಮೂಳೆ, ಎರಡೂ ಮುರಿದಿವೆ. ಆಪರೇಷನ್ ಮುಗಿದಿದೆ. ಎಚ್ಚರವಾದಾಗ ಅವರು ಮೊದಲು ಕೇಳಿದ್ದು, "ಬೇಕರಿಯವರಿಗೆ ಯಾರಾದ್ರೂ ಹೇಳಿದ್ರಾ? ಬೋರ್ಡು ಅರ್ಧಕ್ಕೇ ನಿಂತಿದೆ."

ಮೆಟ್ಟಿಲ ಮೇಲೆಲ್ಲ ನೀಲಿ ಬಣ್ಣ ಚೆಲ್ಲಿತ್ತು. ಆಸ್ಪತ್ರೆಯಿಂದ ಬಂದವಳು ಮೊದಲು ಮಾಡಿದ ಕೆಲಸ ಅದನ್ನು ಉಜ್ಜಿ ತೆಗೆದದ್ದು. ಮೆಟ್ಟಿಲು ಕೊಳೆಯಾದರೆ ಕೊಳೆ ಮಾಡಿದ ಮನೆಯವರೇ ತೊಳೆಯಬೇಕು ಎಂದು ಕರಾರಿನಲ್ಲಿದೆ. ಉಜ್ಜುತ್ತಿದ್ದಾಗ ಎದುರುಮನೆಯ ಕಂಡಕ್ಟರರು ಬಂದು ನಿಂತರು. "ಬಿಡಿ ಅಮ್ಮ ಅದನ್ನ. ಇವತ್ತೇ ಯಾಕೆ?" ಅಂದರು. ಒಣಗಿದರೆ ಹೋಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ನೋಡುತ್ತ ನಿಂತು, "ಏಣಿಗೆ ಏಣಿ ಕಟ್ಟಿಕೊಂಡು ಆಕಾಶದಲ್ಲಿ ಅಕ್ಷರ ಬರೆಯೋ ಮನುಷ್ಯ. ಕಡೆಗೆ ಮನೆ ಮೆಟ್ಟಿಲು ಕೈ ಕೊಡ್ತಲ್ಲ" ಅಂದರು. ಆಮೇಲೆ ತಮ್ಮ ಮನೆಯಿಂದ ಇನ್ನೊಂದು ಬಟ್ಟೆ ತಂದು ಕೆಳಗಿನಿಂದ ಉಜ್ಜತೊಡಗಿದರು. ನಾನು ಇಳಿಯುತ್ತ, ಅವರು ಹತ್ತುತ್ತ, ನಡುವೆ ಎಲ್ಲೋ ಸೇರಿದೆವು. ಮೆಟ್ಟಿಲು ಸ್ವಚ್ಛವಾಗಿದೆ.

ನೀನು ಬರಬೇಕಾಗಿಲ್ಲ. ಬಂದು ಮಾಡುವುದೂ ಏನಿಲ್ಲ. ಅಲ್ಲಿ ಮನೆ ಖಾಲಿ ಮಾಡಿಸುವವರ ಎದುರು ಧರಣಿ ಕೂತಿದ್ದೀರಿ ಎಂದು ನೀನೇ ಹೇಳಿದ್ದೆ. ಅದನ್ನು ಮುಗಿಸು.

ಅಕ್ಕ

———

ಮಾರ್ಚ್ ೧೪

ಅಕ್ಕಾ,

ನಿನ್ನ ಪತ್ರವನ್ನು ನಮ್ಮ ಬಾಡಿಗೆದಾರರ ಸಂಘದ ಗೆಳೆಯರ ಮುಂದೆ ಗಟ್ಟಿಯಾಗಿ ಓದಿದೆ. ನಿನ್ನನ್ನು ಕೇಳದೆ ಓದಿದ್ದು ತಪ್ಪೇ ಇರಬಹುದು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಇದು ಅಪಘಾತವಲ್ಲ, ಅಪರಾಧ.

ಬಾಗಿಲ ಒಳಗಿನದು ಬಾಡಿಗೆದಾರನ ಜವಾಬ್ದಾರಿ. ಬಾಗಿಲ ಹೊರಗಿನ ಮೆಟ್ಟಿಲು, ಕಂಬಿ, ಛಾವಣಿ, ಕೊಳಾಯಿ ಯಜಮಾನನ ಜವಾಬ್ದಾರಿ. ಅವುಗಳನ್ನು ಗಟ್ಟಿಯಾಗಿ ಇಡುವುದು ಅವನ ಔದಾರ್ಯವಲ್ಲ, ಸಾಲ. ಪ್ರತಿ ತಿಂಗಳೂ ಬಾಡಿಗೆ ಎಣಿಸಿಕೊಂಡ ಕೈ ಒಮ್ಮೆ ಆ ಕಂಬಿಯನ್ನು ಅಲ್ಲಾಡಿಸಿ ನೋಡಬೇಕಿತ್ತು. ಬಣ್ಣ ಒರೆಸಬೇಕಾದವನು ಅವನು. ನೀನು ಮಂಡಿಯೂರಿ ಒರೆಸಿದೆ ಎಂಬಲ್ಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ.

ಆದರೆ ಈಗ ಕೋಪಕ್ಕಿಂತ ಸಾಕ್ಷ್ಯ ಮುಖ್ಯ. ಕಂಬಿ ಯಾವಾಗಿನಿಂದ ಸಡಿಲವಾಗಿತ್ತು? ಯಜಮಾನರಿಗೆ ಯಾರು ಹೇಳಿದ್ದರು? ಯಾವ ತಿಂಗಳು, ಯಾರ ಪಾಳಿಯಲ್ಲಿ? ನಿಮ್ಮ ಜೊತೆ ಅಲ್ಲಿದ್ದಾಗ ನಾನು ಹಜಾರದ ಗೋಡೆಗೆ ಅಂಟಿಸಿದ ಹಾಳೆ ಇನ್ನೂ ಇದೆ ತಾನೆ? 'ತಿಂಗಳಿಗೊಂದು ಮನೆ, ಮನೆಗೊಂದು ಮಾತು.' ಅದನ್ನು ಬರೆದ ದಿನ ನನಗಿನ್ನೂ ನೆನಪಿದೆ. ಕಂಡಕ್ಟರರಿಗಿಂತ ಮೊದಲು ಆ ಮನೆಯಲ್ಲಿದ್ದ ಟೀಚರು ಇಡೀ ವರ್ಷ ಒಂದಲ್ಲ ಒಂದು ದೂರು ಹೇಳಿದರೆಂದು, ಕರಾರು ಮುಗಿದದ್ದೇ ತಡ, "ನಿಮಗೆ ಈ ಮನೆ ಒಗ್ಗೋದಿಲ್ಲ ಬಿಡಿ" ಎಂದು ಕಳಿಸಿಬಿಟ್ಟರಲ್ಲ ಆ ಔಷಧಿ ಅಂಗಡಿಯ ಯಜಮಾನರು. ಅಂದಿನಿಂದಲ್ಲವೆ ನಾಲ್ಕೂ ಮನೆಯವರು ಒಟ್ಟಾಗಿದ್ದು? ಯಾವ ಮನೆಯೂ ತಕರಾರಿನ ಮನೆ ಎನ್ನಿಸಿಕೊಳ್ಳಬಾರದು. ಆದ್ದರಿಂದ ಆ ತಿಂಗಳ ಪಾಳಿಯವರು ಮಾತ್ರ ಹೋಗಬೇಕು. ಒಂದಾದ ಮೇಲೊಂದು ತಂದಿರಿ ಎನ್ನಿಸಿಕೊಳ್ಳಬಾರದು. ಆದ್ದರಿಂದ ಒಂದೇ ದೂರು ಹೇಳಬೇಕು. ಮೊದಲ ಮೂರು ತಿಂಗಳಲ್ಲಿ ನೀರಿನ ತೊಟ್ಟಿ, ಹಜಾರದ ದೀಪ, ಚರಂಡಿ, ಮೂರೂ ಸರಿಯಾದವು. ಟೀಚರು ವರ್ಷವಿಡೀ ಗೋಗರೆದು ಮಾಡಿಸಲಾಗದ್ದನ್ನು ಒಂದು ಶಿಸ್ತು ಮಾಡಿಸಿತು. ಇಲ್ಲಿ ಸಂಘದವರು ಅದನ್ನೇ ಕರಪತ್ರ ಮಾಡಿ ಬೀದಿಬೀದಿಗೆ ಹಂಚುತ್ತಿದ್ದೇವೆ.

ಪಾಳಿಯ ವಿವರ ಬೇಗ ಬರೆ. ಗೆಲ್ಲುವುದು ಅದರಿಂದಲೇ.

ನಿನ್ನ ತಮ್ಮ

———

ಮಾರ್ಚ್ ೨೨

ತಮ್ಮಾ,

ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆ ಈಗ ಬಹಳ ಹಿತವಾಗಿದೆ. ಗಾಜನ್ನು ತಿರುಗುವ ಸಾಣೆಕಲ್ಲಿಗೆ ಒತ್ತಿ ಹಿಡಿದರೆ ಬೇರೇನೂ ಕೇಳಿಸುವುದಿಲ್ಲ. ಮೊನ್ನೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅಂಗಡಿಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸಂಜೆ ವಾರ್ಡಿಗೆ ಹೋಗುತ್ತೇನೆ. ನಿನ್ನ ಭಾವ ಗೋಡೆಯ ಮೇಲಿನ ಬರಹಗಳನ್ನೆಲ್ಲ ಓದಿ ಮುಗಿಸಿದ್ದಾರೆ. 'ನಿಶ್ಶಬ್ದವಾಗಿರಿ' ಎಂಬ ಫಲಕದಲ್ಲಿ ಅಕ್ಷರಗಳ ನಡುವೆ ಜಾಗ ಸಮನಾಗಿಲ್ಲವಂತೆ. ಅಷ್ಟೇ ಮಾತು. ನೋವಿದೆಯೇ ಎಂದರೆ ಇಲ್ಲ ಎನ್ನುತ್ತಾರೆ. ಊಟ ಸೇರಿತೇ ಎಂದರೆ ಸೇರಿತು ಎನ್ನುತ್ತಾರೆ. ತಟ್ಟೆ ಹಾಗೇ ಇರುತ್ತದೆ.

ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಮುಂದೆ ವಾಕರ್ ಹಿಡಿದು ಕೋಣೆಯೊಳಗೆ ನಡೆಯಬಹುದು. ಮೆಟ್ಟಿಲು ಹತ್ತುವ ಮಾತು ಸದ್ಯಕ್ಕಿಲ್ಲ. ಸದ್ಯಕ್ಕೆ ಎಂದರೆ ಎಷ್ಟು ಎಂದು ಕೇಳಿದೆ. ಅವರು ಕಾಗದ ಮಡಿಸಿದರು. ನೆಲದಂತಸ್ತಿನಲ್ಲಿ ಮನೆ ಇದ್ದರೆ ಮನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ಊರಾಚೆಯ ಆರೈಕೆ ನಿಲಯಕ್ಕೆ. ಅಲ್ಲಿ ಮನೆಯವರು ಭಾನುವಾರ ಬಂದು ನೋಡಿ ಹೋಗಬಹುದು. ಒಮ್ಮೆ ಹೋಗಿ ನೋಡಿಕೊಂಡು ಬಂದೆ. ನೆಲ ಚೆನ್ನಾಗಿ ಒರೆಸಿದ್ದರು. ಹಾಸಿಗೆಗಳೆಲ್ಲ ಗೋಡೆಯ ಕಡೆಗೆ ಮುಖ ಮಾಡಿದ್ದವು. ಯಾಕೆ ಎಂದು ಕೇಳಿದ್ದಕ್ಕೆ ಅಲ್ಲಿಯವರು, "ಸ್ವಿಚ್ಚುಗಳು ಈ ಕಡೆ ಇವೆಯಲ್ಲಾ" ಅಂದರು.

ನಮ್ಮ ಕಟ್ಟಡದ ಕೆಳಗೆ ಎರಡು ಕೋಣೆಗಳಿವೆಯಲ್ಲ, ಯಜಮಾನರು ಹಳೆಯ ಅಂಗಡಿಯ ಕಪಾಟು, ರಟ್ಟಿನ ಡಬ್ಬ ತುಂಬಿಟ್ಟಿರುವುದು. ಬೀದಿಗೆ ಕಿಟಕಿ ಇದೆ. ಅದನ್ನು ಕೊಡುತ್ತೀರಾ ಎಂದು ಕೇಳಬೇಕೆಂದಿದ್ದೇನೆ. ಬೇರೆ ಮನೆ ಹುಡುಕಿದೆ. ನೆಲದಂತಸ್ತು ಎಂದ ಕೂಡಲೇ ಎಲ್ಲರೂ ಅಂಗಡಿಯ ಬಾಡಿಗೆ ಹೇಳುತ್ತಾರೆ.

ಯಜಮಾನರು ವಾರ್ಡಿಗೆ ಬಂದಿದ್ದರು. ಹಾಸಿಗೆಯ ಕಾಲ ಬಳಿ ನಿಂತು, "ಒಂದು ಮಾತು ಯಾಕೆ ಹೇಳಲಿಲ್ಲ ಯಾರೂ?" ಅಂದರು. ನಿನ್ನ ಭಾವ ಚಾವಣಿ ನೋಡಿದರು. ನಾನು ಕಿಟಕಿ ನೋಡಿದೆ. ಅವರು ಬಿದ್ದ ಮರುದಿನವೇ ಹೊಸ ಕಂಬಿ ಬಂದಿದೆ. ಚೂರೂ ಅಲ್ಲಾಡುವುದಿಲ್ಲವಂತೆ. ನಾನು ಮುಟ್ಟಿ ನೋಡಿಲ್ಲ. ಗೋಡೆ ಹಿಡಿದು ಹತ್ತುತ್ತೇನೆ.

ಅಕ್ಕ

———

ಮಾರ್ಚ್ ೨೯

ಅಕ್ಕಾ,

ಕೊಡುತ್ತೀರಾ ಎಂದು ಕೇಳಬೇಡ. ಕೇಳಿದರೆ ಅದು ಭಿಕ್ಷೆಯಾಗುತ್ತದೆ, ಕೊಡದಿರುವ ಹಕ್ಕು ಅವರಿಗೆ ಸಿಗುತ್ತದೆ. ನಿನಗೆ ಬರಬೇಕಾದದ್ದು ಅದು. ನಿಮ್ಮೂರಿನ ಬಾಡಿಗೆ ಇತ್ಯರ್ಥದ ಕಚೇರಿಯಲ್ಲಿ ಅರ್ಜಿ ಹಾಕು. ಅರ್ಜಿಯನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಇನ್ನೊಂದು ಹಾಳೆಯಲ್ಲಿ ಒಂದು ಹೇಳಿಕೆ ಇದೆ. 'ಮೆಟ್ಟಿಲಿನ ಕಂಬಿ ಸಡಿಲವಾಗಿರುವುದನ್ನು ಫೆಬ್ರುವರಿ ತಿಂಗಳಲ್ಲೇ ಯಜಮಾನರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೆವು' ಎಂದು. ನಾಲ್ಕೂ ಮನೆಯವರು ಸಹಿ ಹಾಕಲಿ. ಹೇಳಿಲ್ಲ ಎಂದು ಅವರು ಅಂದರೆ ಒಂದು ಬಾಯಿಯ ಎದುರು ನಾಲ್ಕು ಬಾಯಿ.

ನೀನು ಹಿಂಜರಿಯುತ್ತೀ ಎಂದು ಗೊತ್ತು. ಚಿಕ್ಕಂದಿನಲ್ಲಿ ನನ್ನ ಪರವಾಗಿ ಒಂದು ಸುಳ್ಳು ಹೇಳು ಎಂದರೆ ನಿನಗೆ ಬಿಕ್ಕಳಿಕೆ ಬರುತ್ತಿತ್ತು. ಆದರೆ ಯೋಚಿಸು, ಇಲ್ಲದವನು ಸುಳ್ಳು ಹೇಳಿದರೆ ಅದಕ್ಕೆ ಮೋಸ ಎನ್ನುತ್ತಾರೆ, ಇದ್ದವನು ಕಣ್ಣು ಮುಚ್ಚಿಕೊಂಡರೆ ಅದಕ್ಕೆ ಮರೆವು ಎನ್ನುತ್ತಾರೆ. ಈ ತಕ್ಕಡಿಯನ್ನು ಮಾಡಿದ್ದು ನಾವಲ್ಲ.

ಭಾವನನ್ನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿಸುವ ಜಾಗಕ್ಕೆ ಕಳಿಸಬೇಡ. ಅದಕ್ಕಾಗಿ ಏನು ಮಾಡಿದರೂ ಸರಿಯೇ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಫೆಬ್ರುವರಿ ಯಾರ ಪಾಳಿ?

ನಿನ್ನ ತಮ್ಮ

———

ಏಪ್ರಿಲ್ ೬

ತಮ್ಮಾ,

ಫೆಬ್ರುವರಿ ನಮ್ಮ ಪಾಳಿ.

ಕಂಬಿ ಜನವರಿಯಿಂದಲೇ ಅಲ್ಲಾಡುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಿನ್ನ ಭಾವ ತಮ್ಮ ಏಣಿಯ ಹಗ್ಗ ತಂದು ಅದನ್ನು ಮೊಳೆಗೆ ಬಿಗಿದಿದ್ದರು. ನಮ್ಮ ಪಾಳಿ ಬಂದ ಕೂಡಲೇ ಕಂಬಿಯದೇ ದೂರು ಎಂದು ತೀರ್ಮಾನವಾಗಿತ್ತು. ಅವರು ಅಂಗಿ ಬದಲಿಸಿಕೊಂಡು ಹಿತ್ತಲಿನ ಆಚೆ ಯಜಮಾನರ ಮನೆಗೆ ಹೊರಟಿದ್ದರು. ಮೊದಲ ಮಹಡಿಯಲ್ಲಿ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಅಡುಗೆಮನೆಯ ಕೊಳವೆ ಒಡೆದು ನೀರು ಹೊಲಿಗೆ ಕೋಣೆಗೆ ನುಗ್ಗಿ, ಯಾರದೋ ಮದುವೆಯ ಬಟ್ಟೆಗಳೆಲ್ಲ ನೆನೆದಿದ್ದವು. ಅವರ ಪಾಳಿ ಏಪ್ರಿಲಿಗೆ. "ಏಪ್ರಿಲಿನ ತನಕ ನಾನು ದೋಣಿಯಲ್ಲಿ ಕೂತು ಹೊಲೀಲಾ?" ಎಂದು ಕೇಳಿದರಂತೆ.

ಇವರು ಮತ್ತೆ ಮೇಲೆ ಬಂದರು. ನಾನು, "ಎರಡನ್ನೂ ಹೇಳಿಬಿಡಿ, ಏನಾಗುತ್ತೆ?" ಎಂದೆ.

"ಎರಡು ಹೇಳಿದ್ರೆ ಎರಡೂ ಹೋಗುತ್ತೆ."

"ಹಾಗಂತ ಯಾರು ಹೇಳಿದ್ರು?"

"ನಿನ್ನ ತಮ್ಮನೇ ಬರೆದಿದಾನಲ್ಲ ಗೋಡೆ ಮೇಲೆ. ಅವನು ಸುಮ್ನೆ ಬರೆದಿಲ್ಲ ಕಣೇ. ನೋಡು, ಅದರ ಹಾಗೆ ನಡೆದಾಗಿಂದ ಎಲ್ಲ ರಿಪೇರಿನೂ ಆಗಿದೆ. ಕಂಬಿ ನಾನು ಕಟ್ಟಿದೀನಿ, ನನ್ನ ಗಂಟು ಬಿಚ್ಚೋದಿಲ್ಲ. ಮಾರ್ಚಲ್ಲಿ ಕಂಡಕ್ಟರ್ ಹೇಳ್ತಾರೆ."

ಹೋಗಿ ಕೊಳವೆಯ ಮಾತು ಹೇಳಿ ಬಂದರು. ಎರಡು ದಿನದಲ್ಲಿ ಕೊಳವೆ ಸರಿಯಾಯಿತು. ಮಾರ್ಚ್ ಬಂತು. ಕಂಡಕ್ಟರರಿಗೆ ಭಾನುವಾರ ರಜೆ, ಭಾನುವಾರ ಹೋಗಿ ಹೇಳುತ್ತೇನೆ ಎಂದಿದ್ದರು. ಇವರು ಬಿದ್ದದ್ದು ಶುಕ್ರವಾರ. ಗಂಟು ಬಿಚ್ಚಿರಲಿಲ್ಲ. ಗೋಡೆಯ ಗಾರೆಯೇ ಮೊಳೆಯ ಸಮೇತ ಬಂದಿತ್ತು.

ನೀನು ಕೇಳಿದೆ, ನಾನು ಬರೆದೆ. ಇದರಲ್ಲಿ ಯಾರ ತಪ್ಪು ಎಂದು ನಾನು ಹುಡುಕಿಲ್ಲ. ಹುಡುಕಲು ಬೇಕಾದದ್ದೇನೋ ನನ್ನಲ್ಲಿ ಈಗ ಇಲ್ಲ. ಎಲ್ಲರೂ ನಿಯಮದಂತೆ ನಡೆದರು.

ನೀನು ಕಳಿಸಿದ ಹೇಳಿಕೆಯನ್ನು ಮೂರು ಮನೆಯವರಿಗೂ ತೋರಿಸಿದೆ. ಕಂಡಕ್ಟರರು ಪೆನ್ನು ತೆಗೆದೇಬಿಟ್ಟರು. "ದಿನಕ್ಕೆ ನೂರು ಜನ ನನ್ನ ಹತ್ರ, ಮಗುಗೆ ಐದೇ ವರ್ಷ ಸಾರ್, ಟಿಕೆಟ್ ಬೇಡ ಅಂತಾರೆ. ಮೀಸೆ ಬಂದಿರುತ್ತೆ ಮಗುಗೆ. ನಾನೂ ಒಂದು ಹೇಳ್ತೀನಿ ಬಿಡಿ" ಅಂದರು. ಟೈಲರಮ್ಮ ಓದದೆಯೇ ಸಹಿ ಹಾಕಲು ಸಿದ್ಧರಿದ್ದರು. ಅವರು ನನ್ನ ಮುಖ ನೋಡುವುದಿಲ್ಲ ಈಗ. ಬಾಗಿಲಿಗೆ ಬಂದರೆ ನೆಲ ನೋಡಿಕೊಂಡು ಮಾತಾಡುತ್ತಾರೆ. ಹಾಳೆ ನನ್ನ ಬಳಿಯೇ ಇದೆ. ಯಾರೂ ಸಹಿ ಹಾಕಿಲ್ಲ. ನಾನು ಇನ್ನೂ ಹಾಕಿ ಎಂದಿಲ್ಲ.

ಗೋಡೆಯ ಮೇಲಿನ ಹಾಳೆ ಹಾಗೇ ಇದೆ.

ಅಕ್ಕ

———

ಏಪ್ರಿಲ್ ೨೧

ತಮ್ಮಾ,

ನಿನ್ನಿಂದ ಪತ್ರವಿಲ್ಲ. ಧರಣಿ ಜೋರಾಗಿರಬೇಕು.

ಮೊನ್ನೆ ಇಲ್ಲಿಯ ಬಾಡಿಗೆದಾರರ ಸಹಾಯ ಕೇಂದ್ರಕ್ಕೆ ಹೋಗಿದ್ದೆ. ಗ್ರಂಥಾಲಯದ ಹಿಂದೆ ಒಂದು ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಅರ್ಧಕ್ಕೆ ಎದ್ದು ಹೋದವರ ಒಂದು ಕೊಡೆ. ಅಲ್ಲಿಯ ಸಲಹೆಗಾರ್ತಿಗೆ ನೆಗಡಿಯಾಗಿತ್ತು. ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ನಿನ್ನ ಅರ್ಜಿ, ಹೇಳಿಕೆ ಎರಡನ್ನೂ ಮುಂದಿಟ್ಟೆ. ಹೇಳಿಕೆಯನ್ನು ಓದಿ, "ಇದು ನಡೆದದ್ದಾ?" ಎಂದರು. ಇಲ್ಲ ಎಂದೆ. ಅಷ್ಟು ಹೊತ್ತು ಬೇಡವಾಗಿತ್ತು ನಾನು ತೀರ್ಮಾನಿಸಲು. ಅವರು ಕೇಳಿದರು, ನಾನು ಇಲ್ಲ ಎಂದೆ, ಅಷ್ಟೇ.

ಪಾಳಿಯ ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. "ನೋಡೀಮ್ಮ, ಮೆಟ್ಟಿಲು ಅವರದು. ಹೇಳೋ ಬಾಯಿ ನಿಮ್ಮದು. ಇಲ್ಲಿ ಎರಡೂ ಸುಮ್ಮನಿದ್ದವು" ಅಂದರು. ಯಾರೂ ಹೇಳದಿದ್ದರೂ ಮೆಟ್ಟಿಲನ್ನು ಆಗಾಗ ನೋಡಿಕೊಳ್ಳಬೇಕಾದ್ದು ಯಜಮಾನರ ಹೊಣೆಯೇ. ಅದನ್ನು ನಿಜ ಹೇಳಿಯೂ ಕೇಳಬಹುದು. ಆದರೆ ಹೇಳಿದ್ದರೆ ಕೇಳುವುದು ಸುಲಭವಾಗುತ್ತಿತ್ತು. ಕೆಳಗಿನ ಕೋಣೆಗಳನ್ನು ಕೊಡಿ ಎಂದು ಕಚೇರಿಯವರು ಆಜ್ಞೆ ಮಾಡಲಾರರು, ಅದು ಬಾಡಿಗೆಗೆ ಬಿಟ್ಟ ಜಾಗವಲ್ಲ. ಒಪ್ಪಿಸಲು ನೋಡಬಹುದು. "ಸುಳ್ಳಿಂದ ಸಿಗೋ ಸಾಧ್ಯತೆ ಹೆಚ್ಚಾ?" ಎಂದು ಕೇಳಿದೆ. ಅವರು ಮೂಗು ಒರೆಸಿಕೊಂಡು, "ಹೆಚ್ಚು. ಸಿಕ್ಕಿಬೀಳದಿದ್ದರೆ" ಅಂದರು. ಅವರು ನನಗೆ ಇಷ್ಟವಾದರು.

ಮೇ ಮೊದಲ ವಾರದಲ್ಲಿ ವಿಚಾರಣೆ. ಆಸ್ಪತ್ರೆಯವರು ಆರೈಕೆ ನಿಲಯದಲ್ಲಿ ಹಾಸಿಗೆ ಕಾದಿರಿಸಿದ್ದಾರೆ. ಮೇ ಕೊನೆಗೆ ಕಳಿಸುತ್ತಾರಂತೆ. ನಿನ್ನ ಭಾವನಿಗೆ ಹೇಳಿದೆ. "ಭಾನುವಾರ ಬಸ್ಸು ಇರುತ್ತಾ ಆ ಕಡೆಗೆ?" ಎಂದು ಕೇಳಿದರು. ನನಗಾಗಿ ಕೇಳಿದ್ದು.

ಅಕ್ಕ

———

ಏಪ್ರಿಲ್ ೨೯

ಅಕ್ಕಾ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಧರಣಿ ಮುಗಿದು ಹತ್ತು ದಿನಗಳಾದವು. ಆದ್ದರಿಂದ ಬರೆಯದಿದ್ದಕ್ಕೆ ಅದು ಕಾರಣವಲ್ಲ.

ಪಾಳಿಯ ವಿಷಯ ಬರೆದ ನಿನ್ನ ಪತ್ರ ಬಂದ ದಿನ ನಾನು ಕರಪತ್ರ ಹಂಚಿದ ಒಂದು ಕಟ್ಟಡಕ್ಕೆ ಹೋದೆ. ಹಜಾರದಲ್ಲಿ ನಮ್ಮ ಹಾಳೆಯನ್ನು ನೀಟಾಗಿ ಅಂಟಿಸಿದ್ದಾರೆ, ಮೇಲೆ ಪ್ಲಾಸ್ಟಿಕ್ ಬೇರೆ ಹೊದಿಸಿದ್ದಾರೆ. ಮೆಟ್ಟಿಲಿನ ಕಂಬಿಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತ ಮೇಲಿನವರೆಗೂ ಹೋದೆ. ಎಲ್ಲ ಗಟ್ಟಿಯಾಗಿದ್ದವು. ಕೆಳಗಿಳಿಯುವಾಗ ಒಬ್ಬ ಅಜ್ಜಿ ಬಾಗಿಲು ತೆರೆದು, "ಯಾರಪ್ಪ, ಏನು ಮಾಡ್ತಿದೀಯ?" ಎಂದರು. ಪರೀಕ್ಷೆ ಮಾಡುತ್ತಿದ್ದೇನೆ ಎಂದೆ. "ಹಾಗಾದ್ರೆ ನಮ್ಮನೆ ಒಲೆ ಹತ್ರ ಗ್ಯಾಸ್ ವಾಸನೆ ಬರುತ್ತೆ, ನೋಡು. ನಮ್ಮ ಪಾಳಿ ಇನ್ನೂ ಬಂದಿಲ್ಲ" ಎಂದರು.

ನಾನೇ ಯಜಮಾನನ ಮನೆಗೆ ಓಡಿದೆ. ಸರಿ ಮಾಡಿಸಿದ್ದಾರೆ. ಗೋಡೆಯ ಹಾಳೆಯನ್ನು ಕೀಳಲು ಹೋದೆ. ಅಲ್ಲಿಯವರು ಬಿಡಲಿಲ್ಲ. ಅದರಿಂದ ಒಳ್ಳೆಯದಾಗಿದೆ ಎಂದು ಜಗಳಕ್ಕೆ ಬಂದರು. ನಾನು ಬರೆದ ಮಾತುಗಳನ್ನೇ ನನಗೆ ಹೇಳಿದರು. ಅವರ ಬಾಯಲ್ಲಿ ಬಹಳ ಚೆನ್ನಾಗಿ ಕೇಳಿಸಿತು.

ವಿಚಾರಣೆಗೆ ಬರಬೇಕೆಂದುಕೊಂಡೆ. ಬಂದರೆ ಮಾತಾಡುತ್ತೇನೆ. ನಾನು ಮಾತಾಡಿದರೆ ಏನಾಗುತ್ತದೆಂದು ನನಗೆ ಈಗ ಗೊತ್ತಿಲ್ಲ. ಸಹಿ ಹಾಕಿಸು ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ಭಾವ ಆ ನಿಲಯಕ್ಕೆ ಹೋದರೆ

ಈ ವಾಕ್ಯ ಮುಗಿಯುತ್ತಿಲ್ಲ.

ನಿನ್ನ ತಮ್ಮ

———

ಮೇ ೮

ತಮ್ಮಾ,

ವಿಚಾರಣೆ ಮುಗಿಯಿತು. ಸಣ್ಣ ಕೋಣೆ, ಉದ್ದ ಮೇಜು. ಅಧಿಕಾರಿಯಮ್ಮ ಒಂದು ತುದಿಯಲ್ಲಿ, ಯಜಮಾನರು ಕಿಟಕಿಯ ಕಡೆ, ನಾವು ನಾಲ್ಕು ಮನೆಯವರು ಬಾಗಿಲ ಕಡೆ. ನಾಲ್ಕನೆಯ ಮನೆಯ ಗಡಿಯಾರ ರಿಪೇರಿಯವರು ಮನೆಯಿಂದ ಹೊರಗೇ ಬರದವರು, ಅವರೂ ಬಂದಿದ್ದರು. ನಿನ್ನ ಹೇಳಿಕೆ ನನ್ನ ಚೀಲದಲ್ಲಿತ್ತು. ಬರುವಾಗ ಕಂಡಕ್ಟರರು ಕಿವಿಯ ಹತ್ತಿರ, "ಈಗಲೂ ಹೂಂ ಅನ್ನಿ, ಬಾಗಿಲಲ್ಲೇ ಸಹಿ ಹಾಕ್ತೀವಿ" ಅಂದಿದ್ದರು.

ಯಜಮಾನರು ಮೊದಲು ಮಾತಾಡಿದರು. "ಹೇಳಿದ ರಿಪೇರಿ ಯಾವುದನ್ನಾದರೂ ನಾನು ಮಾಡಿಸದೆ ಬಿಟ್ಟಿದೀನಾ, ಇವರನ್ನೇ ಕೇಳಿ. ಕಂಬಿ ವಿಷಯ ನನಗೆ ಯಾರೂ ಹೇಳಿಲ್ಲ."

ಅಧಿಕಾರಿಯಮ್ಮ ನನ್ನ ಕಡೆ ತಿರುಗಿದರು. ಹೇಳಿಲ್ಲ ಎಂದೆ. ಟೈಲರಮ್ಮ ನನ್ನ ಸೆರಗು ಎಳೆದದ್ದು ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ತಿಂಗಳಿಗೊಂದು ಮನೆ, ಮನೆಗೊಂದು ಮಾತು. ಹೊರಗಿನವರ ಎದುರು ಹೇಳಿದಾಗ ಅದು ಬೇರೆ ಯಾರದೋ ಮನೆಯ ಕಥೆಯ ಹಾಗಿತ್ತು. ಯಾರು ಮಾಡಿದ ನಿಯಮ ಎಂದು ಕೇಳಿದರು. ನಾವೆಲ್ಲ ಎಂದೆ.

ಯಜಮಾನರ ಮುಖ ಕೆಂಪಾಯಿತು. "ನಾನೇನು ಹುಲಿಯಾ? ಪಾಳಿ ಮಾಡಿಕೊಂಡು ಬರೋದಕ್ಕೆ?"

ಕಂಡಕ್ಟರರು ಸುಮ್ಮನಿರಲಿಲ್ಲ. "ಹುಲಿ ಆಗಿದ್ರೆ ಗರ್ಜನೆ ಆದ್ರೂ ಕೇಳಿಸ್ತಿತ್ತು ಸಾರ್. ನೀವು ನಗುನಗ್ತಾ ಎಲ್ಲ ಕೇಳಿಸ್ಕೊಳ್ತೀರಿ. ಆಮೇಲೆ ಕರಾರು ಮುಗಿದ ದಿನ, ಈ ಮನೆ ನಿಮಗೆ ಒಗ್ಗೋದಿಲ್ಲ ಅಂತೀರಿ. ಆ ಟೀಚರಮ್ಮನಿಗೆ ಅಂದ್ರಲ್ಲ."

"ಆಕೆಗೆ ನಿಜವಾಗ್ಲೂ ಒಗ್ಗಿರಲಿಲ್ಲ."

"ಒಗ್ಗಿರಲಿಲ್ಲ. ಸೋರ್ತಿತ್ತು."

ಗಡಿಯಾರದವರು ನಕ್ಕುಬಿಟ್ಟರು. ಯಾರೂ ಅವರ ನಗು ಕೇಳಿರಲಿಲ್ಲ. ಅಧಿಕಾರಿಯಮ್ಮ ಪೆನ್ನಿನಿಂದ ಮೇಜು ತಟ್ಟಿದರು. ಆಮೇಲೆ ಯಜಮಾನರನ್ನು ಕೇಳಿದರು, "ನೀವು ಆ ಮೆಟ್ಟಿಲನ್ನ ಕಡೇ ಸಲ ಹತ್ತಿದ್ದು ಯಾವಾಗ?" ಅವರು ಸುಳ್ಳು ಹೇಳಬಹುದಿತ್ತು. "ಇವರ ತಮ್ಮ ಇದ್ದಾಗ. ತೊಟ್ಟಿ ನೋಡೋದಕ್ಕೆ" ಅಂದರು. ಎರಡು ವರ್ಷ ದಾಟಿದೆ. ಅದನ್ನು ಅಧಿಕಾರಿಯಮ್ಮ ಬರೆದುಕೊಂಡರು. ನಾವು ಹೇಳದೆ ಇದ್ದದ್ದನ್ನೂ ಬರೆದುಕೊಂಡರು. ಎರಡನ್ನೂ ಒಂದೇ ಶಾಯಿಯಲ್ಲಿ.

ನಿಮಗೆ ಏನು ಬೇಕು ಎಂದು ನನ್ನನ್ನು ಕೇಳಿದರು. ನಿನ್ನ ಅರ್ಜಿಯಲ್ಲಿ ಒಂದು ಪುಟ ಇತ್ತು. ನನಗೆ ನೆನಪಾದದ್ದು ಒಂದು ಸಾಲು. ಅವರು ಮನೆಗೆ ಬರಬೇಕು, ಕೆಳಗಿನ ಕೋಣೆ ಕೊಡಿ, ಎಂದೆ.

"ನನ್ನ ಡಬ್ಬಗಳನ್ನ ಎಲ್ಲಿ ಇಡಲಿ?" ಅಂದರು ಯಜಮಾನರು. ಜಗಳಕ್ಕೆ ನಿಂತವರ ಹಾಗೆ ಅಲ್ಲ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ.

"ಮೇಲೆ. ನಮ್ಮ ಮನೆ ಖಾಲಿಯಾಗುತ್ತಲ್ಲ."

"ಅಂದ್ರೆ ಪ್ರತಿ ಸಲ ನಾನು ಎರಡು ಮಹಡಿ ಹತ್ತಬೇಕಾ?"

ಎಲ್ಲರೂ ಅವರನ್ನೇ ನೋಡಿದೆವು. ಕಂಡಕ್ಟರರು ಕೂಡ. ಯಜಮಾನರೇ ಮತ್ತೆ, "ಹತ್ತೋಣ" ಅಂದರು.

ಹೊರಗೆ ಬಂದ ಮೇಲೆ ಟೈಲರಮ್ಮ ಅತ್ತರು. ನಾನು ಅವರ ಚೀಲ ಹಿಡಿದುಕೊಂಡು ನಿಂತಿದ್ದೆ. ನನಗೆ ಅಳು ಬರಲಿಲ್ಲ. ಸಂತೋಷವೂ ಬರಲಿಲ್ಲ. ಬಸ್ಸು ಬಂತು,  ಹತ್ತಿದೆವು. ನಿನ್ನ ಭಾವನಿಗೆ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದು ಏಳಲು ಹೋದೆ. ನನ್ನ ಬಳೆ ಹಿಡಿದುಕೊಂಡಿದ್ದರು.

ಅಕ್ಕ

———

ಜೂನ್ ೨

ತಮ್ಮಾ,

ನಿನ್ನೆ ಅವರನ್ನು ಮನೆಗೆ ಕರೆತಂದೆವು.

ವಾರವಿಡೀ ಸಾಮಾನು ಇಳಿಸಿದ್ದು, ಡಬ್ಬ ಏರಿಸಿದ್ದು ನಡೆದಿತ್ತು. ಯಜಮಾನರೂ ಹೊತ್ತರು. ತಿರುವಿನಲ್ಲಿ ಪ್ರತಿ ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು, ಕೈ ಕಂಬಿಯ ಮೇಲಿಟ್ಟು. ಕೆಳಗಿನ ಕೋಣೆಗಳನ್ನು ನಾನು ಮತ್ತು ಟೈಲರಮ್ಮ ತೊಳೆದೆವು. ಎಷ್ಟು ತೊಳೆದರೂ ಮಾತ್ರೆಯ ವಾಸನೆ ಹೋಗಿಲ್ಲ. ಆಸ್ಪತ್ರೆಯಿಂದ ಹೊರಬಂದರೂ ಬಿಡಲಿಲ್ಲ ಎಂದು ನಿನ್ನ ಭಾವ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ.

ಆಂಬುಲೆನ್ಸಿನವರು ಗಾಲಿಕುರ್ಚಿಯನ್ನು ಬೀದಿಯಲ್ಲಿ ಇಳಿಸಿ ಹೋದರು. ಬಾಗಿಲ ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ನಿಂತುಬಿಟ್ಟೆವು. ಬೀದಿಯಿಂದ ಹಜಾರಕ್ಕೆ ಮೂರು ಮೆಟ್ಟಿಲಿವೆ. ದಿನವೂ ತುಳಿಯುವ ಮೆಟ್ಟಿಲು. ವಿಚಾರಣೆಯಲ್ಲಿ, ಅರ್ಜಿಯಲ್ಲಿ, ಸಹಾಯ ಕೇಂದ್ರದಲ್ಲಿ, ಎಲ್ಲೂ ಯಾರಿಗೂ ಅವು ನೆನಪಾಗಿರಲಿಲ್ಲ. ನೆಲದಂತಸ್ತು ಎಂದರೆ ನೆಲ ಎಂದೇ ಎಲ್ಲರೂ ತಿಳಿದಿದ್ದೆವು.

ಕಂಡಕ್ಟರರು, ಗಡಿಯಾರದವರು ಇಬ್ಬರೂ ಸೇರಿ ಕುರ್ಚಿಯನ್ನು ಎತ್ತಿದರು. "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಕಂಡಕ್ಟರರು ತಮ್ಮ ಬಸ್ಸಿನ ಧ್ವನಿಯಲ್ಲಿ ಕೂಗಿದರು. ನಿನ್ನ ಭಾವ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದಿದ್ದರು.

ಎಲ್ಲರೂ ಹೋದ ಮೇಲೆ ಅವರನ್ನು ಕಿಟಕಿಯ ಹತ್ತಿರ ಕೂರಿಸಿದೆ. ಬೀದಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ಒಳಗೇನೋ ಬಂದೆ. ಹೊರಗೆ ಹೋಗೋದು ಹೇಗೆ?"

"ಎತ್ತಿಸ್ತೀವಿ."

"ದಿನಾ?"

ನಾನು ಚಪ್ಪಲಿ ಹಾಕಿಕೊಂಡೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಹಿತ್ತಲು ದಾಟಿ ಯಜಮಾನರ ಬಾಗಿಲು ತಟ್ಟಿದೆ. ಊಟಕ್ಕೆ ಕೂತಿದ್ದರು. ಕೈಯಲ್ಲಿ ತುತ್ತು ಹಿಡಿದೇ ಬಾಗಿಲಿಗೆ ಬಂದರು. ಇಷ್ಟು ವರ್ಷಗಳಲ್ಲಿ ನಾನು ಒಬ್ಬಳೇ ಆ ಬಾಗಿಲಿಗೆ ಹೋದದ್ದು ಅದೇ ಮೊದಲು ಎಂದು ಅಲ್ಲಿ ನಿಂತ ಮೇಲೆ ಹೊಳೆಯಿತು.

"ಮುಂಬಾಗಿಲಲ್ಲಿ ಮೂರು ಮೆಟ್ಟಿಲಿವೆ" ಎಂದೆ.

"ಇವೆ."

"ಕುರ್ಚಿ ಇಳಿಯೋದಿಲ್ಲ. ಇಳಿಜಾರು ಮಾಡಿಸಬೇಕು."

"ಇವತ್ತು ತಾನೇ ಬಂದಿದೀರಲ್ಲಮ್ಮ. ಊಟ ಮಾಡ್ತಿದೀನಿ."

"ಮಾಡಿ. ನಾನು ಇಲ್ಲೇ ಇರ್ತೀನಿ."

ಅವರು ಒಳಗೆ ಹೋದರು. ಕೈ ತೊಳೆದ ಸದ್ದಾಯಿತು. ಊಟ ಅಷ್ಟು ಬೇಗ ಮುಗಿದಿರಲಾರದು. ಒಂದು ಟೇಪು ಹಿಡಿದುಕೊಂಡು ಬಂದರು, ಲೋಹದ್ದು, ಎಳೆದು ಬಿಟ್ಟರೆ ಓಡಿ ಒಳಗೆ ಹೋಗುವಂಥದು. ಇಬ್ಬರೂ ಮಾತಾಡದೆ ಮುಂದೆ ಬಂದೆವು. ಅವರು ಬೀದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟೇಪು ಎಳೆದರು. ಮೇಲಿನ ಮೆಟ್ಟಿಲಿನವರೆಗೆ ಹೋಗುವಷ್ಟರಲ್ಲಿ ಕೆಳಗಿನ ತುದಿ ಬಿಟ್ಟುಕೊಂಡು ಓಡಿಬರುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ನಾನು ಕೆಳಗೆ ಕೂತು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದೆ. ಅವರು ಮೇಲಿನಿಂದ ಅಳತೆ ಓದಿದರು. ಕಿಟಕಿಯಿಂದ ನಿನ್ನ ಭಾವ, "ಒಂದು ಚೂರು ಎಡಕ್ಕೆ. ಸೊಟ್ಟ ಇದೆ" ಅಂದರು.

ಅಲ್ಲಿ ಕೂತಿದ್ದಾಗ ನನ್ನ ಮಂಡಿ ನೋಯುತ್ತಿತ್ತು. ಬಹಳ ದಿನಗಳ ಮೇಲೆ ನನಗೆ ಏನಾದರೂ ನೋಯುತ್ತಿದೆ ಎಂದು ಗೊತ್ತಾಯಿತು.

ಗಾರೆಯವನು ನಾಡಿದ್ದು ಬರುತ್ತಾನೆ. ನಿನ್ನ ಭಾವ ನಿನ್ನನ್ನು ಕೇಳುತ್ತಾರೆ. ನಾನೂ ಕೇಳುತ್ತಿದ್ದೇನೆ, ಬಾ. ಬಂದರೆ ಹಿತ್ತಲ ಕಡೆಯಿಂದ ಬಾ. ಮುಂದಿನ ಸಿಮೆಂಟು ಇನ್ನೂ ಹಸಿಯಾಗಿರುತ್ತದೆ.

ಅಕ್ಕ